ಸಾವಯವ ದ್ರಾವಣದಲ್ಲಿ ಲೆಟ್ಯೂಸ್: ಗಿಡ ಸೊರಗಿದರೆ ಟ್ಯಾಂಕಿನಿಂದ ಶುರುಮಾಡಿ

ಹೈಡ್ರೋಪೋನಿಕ್ಸ್‌ನಲ್ಲಿ, ಅಂದ್ರೆ ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಬೆಳೆಸುವಾಗ, ಲೆಟ್ಯೂಸ್ ಎಲೆ ಹಳದಿಯಾಯಿತು ಅಂದ್ರೆ ಮೊದಲು ಕೈ ಹೋಗುವುದು ಗೊಬ್ಬರದ ಡಬ್ಬಿಗೆ. ರಾಸಾಯನಿಕ ದ್ರಾವಣದಲ್ಲಿ ಬೆಳೆಸುವವರಿಗೆ ಅದರಿಂದ ಕೆಲವೊಮ್ಮೆ ಗುಣ ಕಾಣುತ್ತದೆ. ಹಿಂಡಿ, ಮೀನಿನ ಅಮೈನೋ (ಮೀನು, ಬೆಲ್ಲ ಸೇರಿಸಿ ಹುಳಿಸಿದ ರಸ), ಎರೆಜಲ ಹಾಕಿ ಬೆಳೆಸುವವರಿಗೆ ಬಹಳ ಸಲ ಅದೇ ಮುಳುವಾಗುತ್ತದೆ. ಹಳದಿ ಎಲೆ ಕಂಡ ದಿನ ಟ್ಯಾಂಕಿಗೆ ಇನ್ನೊಂದು ಹಿಡಿ ಗೊಬ್ಬರ ಹಾಕಲೇಬೇಡಿ. ಮೊದಲು ಟ್ಯಾಂಕಿನೊಳಗೆ ಏನಾಗುತ್ತಿದೆ ಅಂತ ನೋಡಬೇಕು.

ರಾಸಾಯನಿಕ ದ್ರಾವಣದಲ್ಲಿ ಸಾರಜನಕ ನೈಟ್ರೇಟ್ ಆಗಿ ಸಿದ್ಧವಾಗಿರುತ್ತದೆ. ಬೇರು ನೇರವಾಗಿ ಹೀರಿಕೊಳ್ಳುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಹಾಗಲ್ಲ. ಅಲ್ಲಿ ಸಾರಜನಕದ ಹೆಚ್ಚಿನ ಪಾಲು ಪ್ರೋಟೀನಿನೊಳಗೆ ಸಿಕ್ಕಿಕೊಂಡಿರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಆ ಪ್ರೋಟೀನ್ ಒಡೆದು ಅಮೋನಿಯಾ ಮಾಡಬೇಕು. ನೈಟ್ರೋಸೋಮೋನಾಸ್ ತರಹದವು ಅಮೋನಿಯಾವನ್ನು ನೈಟ್ರೈಟ್ ಮಾಡಬೇಕು. ನೈಟ್ರೋಬ್ಯಾಕ್ಟರ್, ನೈಟ್ರೋಸ್ಪೈರಾ ಬಳಗದವು ಅದನ್ನು ನೈಟ್ರೇಟ್ ಮಾಡಬೇಕು. ಆಮೇಲೆಯೇ ಗಿಡಕ್ಕೆ ಊಟ. ಕೊಳೆಸುವ ಮೊದಲ ಗುಂಪು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು. ಉಳಿದ ಎರಡು ಗುಂಪಿಗೆ ಇಮ್ಮಡಿಯಾಗಲು ಒಂದು ದಿನದ ಆಸುಪಾಸು ಬೇಕು. ಈ ಓಟದಲ್ಲಿ ಹಿಂದಿರುವವರಿಗೆ ಕಾಯದೇ ಇರುವುದೇ ಹೆಚ್ಚಿನ ತೊಂದರೆಗಳ ಮೂಲ.

ಜಪಾನಿನ ಮಕೋಟೊ ಶಿನೊಹರಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಕೆಲಸದ ಸಾರವೂ ಇದೇ. ನೀರಿಗೆ ಸೂಕ್ಷ್ಮಜೀವಿಗಳ ಮೂಲವಾಗಿ ಮಣ್ಣು ಅಥವಾ ತೊಗಟೆಯ ಕಾಂಪೋಸ್ಟ್ ಹಾಕಿ, ಸಾವಯವ ಗೊಬ್ಬರವನ್ನು ದಿನಾ ಸ್ವಲ್ಪ ಸ್ವಲ್ಪ ಕೊಟ್ಟು, ಗಾಳಿಯಾಡಿಸುತ್ತಾ ಬಂದರೆ ನೀರಿನಲ್ಲೇ ನೈಟ್ರೇಟ್ ತಯಾರಾಗುತ್ತದೆ ಅಂತ ಅವರು ತೋರಿಸಿದರು. ಹಾಲಿಗೆ ಹೆಪ್ಪು ಹಾಕಿ ಕಾಯುವ ಹಾಗೆ ಇದು. ಹೆಪ್ಪು ಕೂರುವ ಮೊದಲೇ ಗಿಡ ನೆಟ್ಟರೆ ಗಿಡ ಅಮೋನಿಯಾದಲ್ಲಿ ನಿಲ್ಲುತ್ತದೆ.

ಕೆಳಗಿನ ಲೆಕ್ಕವೆಲ್ಲ 100 ಲೀಟರ್ ಟ್ಯಾಂಕಿಗೆ, ಸುಮಾರು 30 ಗಿಡಕ್ಕೆ. ಬೆಂಗಳೂರಿನ ತಾರಸಿಗಳಲ್ಲಿ ಕಾಣುವ ಪೈಪಿನ ಎನ್‌ಎಫ್‌ಟಿ (ಪೈಪಿನೊಳಗೆ ದ್ರಾವಣ ತೆಳುವಾಗಿ ಹರಿಯುವ ಪದ್ಧತಿ) ಅಥವಾ ಥರ್ಮೋಕೋಲ್ ತೇಲುಹಲಗೆಯ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಏರ್ ಪಂಪ್ ಇಲ್ಲದೆ ನಿಂತ ನೀರಿನಲ್ಲಿ ಬೆಳೆಸುವ ಕ್ರ್ಯಾಟ್ಕಿ ಪದ್ಧತಿಗೆ ಸಾವಯವ ದ್ರಾವಣ ಹೊಂದುವುದಿಲ್ಲ. ಅದರಲ್ಲಿ ಪ್ರಯತ್ನಿಸುತ್ತಿದ್ದರೆ ದೋಷ ಹುಡುಕುವ ಮೊದಲು ಒಂದು ಏರ್ ಪಂಪ್ ತನ್ನಿ.

ಇಸಿ ಮೀಟರ್ ಹೇಳುವುದನ್ನು ಪೂರ್ತಿ ನಂಬಬೇಡಿ

ಲೆಟ್ಯೂಸಿಗೆ ಇಸಿ, ಅಂದ್ರೆ ನೀರಿನ ವಿದ್ಯುತ್ ವಾಹಕತೆ, 1.0ರಿಂದ 1.8 (mS/cm) ಇರಲಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ರಾಸಾಯನಿಕ ದ್ರಾವಣದ ಮಟ್ಟಿಗೆ ಅದು ಸರಿ. ಆದರೆ ಇಸಿ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿರುವ ಲವಣಗಳ ಅಯಾನುಗಳನ್ನು ಮಾತ್ರ. ಪ್ರೋಟೀನ್, ಯೂರಿಯಾ, ಬೆಲ್ಲ ಇವ್ಯಾವುದೂ ಅದಕ್ಕೆ ಕಾಣುವುದಿಲ್ಲ. ಹಿಂಡಿ ನೀರು ಹಾಕಿದ ದಿನ ಮೀಟರ್ 0.6 ತೋರಿಸಬಹುದು. "ಅಯ್ಯೋ ಕಡಿಮೆಯಾಯ್ತು" ಅಂತ ಇನ್ನಷ್ಟು ಸುರಿದರೆ ನಾಲ್ಕು ದಿನದಲ್ಲಿ ಅದೆಲ್ಲ ಒಟ್ಟಿಗೆ ಕೊಳೆತು ಅಮೋನಿಯಾ ಏರುತ್ತದೆ.

ತಿರುಗುಮುರುಗೂ ಆಗುತ್ತದೆ. ಸಮುದ್ರದ ಮೀನಿನಿಂದ ಮಾಡಿದ ಅಮೈನೋ, ಗೋಮೂತ್ರ, ಸರಿಯಾಗಿ ತೊಳೆಯದ ಕೊಕೊಪೀಟ್, ಉಪ್ಪುಪ್ಪು ಬೋರ್‌ವೆಲ್ ನೀರು, ಇವೆಲ್ಲ ಸೋಡಿಯಂ ಮತ್ತು ಕ್ಲೋರೈಡ್ ತರುತ್ತವೆ. ಇಸಿ 2.0 ತೋರಿಸುತ್ತದೆ, ನೈಟ್ರೇಟ್ ಸೊನ್ನೆ. ಗಿಡ ಹಸಿದಿರುತ್ತದೆ, ಮೀಟರ್ ಹೊಟ್ಟೆ ತುಂಬಿದೆ ಅನ್ನುತ್ತದೆ. ಬರಿ ನೀರಿನ ಇಸಿ ಎಷ್ಟು ಅಂತ ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ವಾರ ವಾರ ಇಸಿ ಏರುತ್ತಾ ನೈಟ್ರೇಟ್ ಏರದಿದ್ದರೆ ಉಪ್ಪು ಸೇರುತ್ತಿದೆ ಎಂದೇ ಅರ್ಥ. ಮೂರನೇ ಒಂದು ಭಾಗ ನೀರು ತೆಗೆದು ಹೊಸ ನೀರು ತುಂಬಿ. ಮಳೆ ನೀರು ಸಿಕ್ಕರೆ ಬಹಳ ಒಳ್ಳೆಯದು.

ಈ ಕೆಲಸಕ್ಕೆ ಇಸಿ ಮೀಟರಿಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಪರೀಕ್ಷೆಯ ಕಿಟ್. ಹನಿ ಹಾಕಿ ಬಣ್ಣ ನೋಡುವಂಥದ್ದು. ಅದರ ಜೊತೆ ಪಿಎಚ್ ಮೀಟರ್ ಮತ್ತು ಥರ್ಮಾಮೀಟರ್ ಇದ್ದರೆ ಸಾಕು.

ಮೂಗು, ಬೇರು, ಶಾಖ

ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ, ಕೆರೆಯ ವಾಸನೆ ಬಂದರೆ ಒಳ್ಳೆಯದು. ಸ್ವಲ್ಪ ಮೀನಿನ ವಾಸನೆ ಇದ್ದರೂ ಹೆದರಬೇಕಾಗಿಲ್ಲ, ಅಮೈನೋ ಹಾಕಿದ ಮರುದಿನ ಅದು ಸಹಜ. ಮೂಗಿಗೆ ಚುಚ್ಚುವ ಘಾಟು ಇದ್ದರೆ ಅಮೋನಿಯಾ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಆಮ್ಲಜನಕವೇ ಇಲ್ಲ, ಅಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ. ಹುಳಿ ವಾಸನೆ, ಹೆಂಡದ ವಾಸನೆ ಬಂದರೆ ಬೆಲ್ಲ ಅಥವಾ ಸಿಹಿ ಅಂಶ ಜಾಸ್ತಿಯಾಗಿದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಾಯುವ ಹಾಗಿಲ್ಲ, ಅದೇ ದಿನ ಕೆಲಸ ಮಾಡಿ. ಪೈಪ್ ಹಾಕಿ ತಳದ ಕಪ್ಪು ಮಡ್ಡಿಯನ್ನು ಹೊರಗೆ ಎಳೆಯಿರಿ. ಮಡ್ಡಿ ಕದಡಬೇಡಿ, ಕದಡಿದರೆ ವಿಷ ಬೇರಿಗೆ ತಾಗುತ್ತದೆ. ಅರ್ಧ ನೀರು ಬದಲಿಸಿ. ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಕಲ್ಲು) ಇನ್ನೊಂದು ಸೇರಿಸಿ. ಒಂದು ವಾರ ಗೊಬ್ಬರ ಬೇಡ. ತೆಗೆದ ಮಡ್ಡಿಯನ್ನು ಚರಂಡಿಗೆ ಬಿಡುವ ಬದಲು ತೆಂಗಿನ ಬುಡಕ್ಕೋ ಕಾಂಪೋಸ್ಟಿಗೋ ಹಾಕಿ, ಅದು ಒಳ್ಳೆ ಗೊಬ್ಬರ.

ವಾಸನೆ ಆದ ಮೇಲೆ ಬೇರು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಹೈಡ್ರೋಪೋನಿಕ್ಸ್ ಬೇರು ಬೆಳ್ಳಗಿರಬೇಕು ಅಂತ ಓದಿರುತ್ತಾರೆ, ತಮ್ಮ ಗಿಡದ ಬೇರು ಕಂದು ಕಂಡ ಕೂಡಲೇ ಕೊಳೆರೋಗ ಅಂತ ತೀರ್ಮಾನಿಸಿ ಔಷಧಿ ಹಾಕುತ್ತಾರೆ. ಸಾವಯವ ದ್ರಾವಣದಲ್ಲಿ ಬೇರು ಚಹಾ ಬಣ್ಣಕ್ಕೆ ತಿರುಗುವುದು ಸಹಜ. ಎರೆಜಲದ ಹ್ಯೂಮಿಕ್ ಅಂಶ ಅದಕ್ಕೆ ಬಣ್ಣ ಹಿಡಿಸುತ್ತದೆ.

ಹಾಗಾದರೆ ಗೊತ್ತಾಗುವುದು ಹೇಗೆ? ಒಂದು ಗಿಡವನ್ನು ನೆಟ್ ಪಾಟ್ (ಗಿಡ ಕೂರಿಸುವ ಜಾಲರಿ ಕುಂಡ) ಸಮೇತ ಎತ್ತಿ. ಬೇರಿನ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಹಿಡಿದು ಮೆಲ್ಲಗೆ ಕೆಳಗೆ ಎಳೆಯಿರಿ. ಎಳೆ ಗಟ್ಟಿಯಾಗಿದ್ದು, ಬೆರಳಿಗೆ ಬರಿ ಲೋಳೆ ಅಂಟಿದರೆ ಬೇರು ಚೆನ್ನಾಗಿದೆ. ಮೇಲಿನ ಸಿಪ್ಪೆ ಪೂರ್ತಿ ಕಳಚಿ ಬೆರಳಿಗೆ ಬಂದು, ಒಳಗಿನ ಸಣ್ಣ ದಾರ ಮಾತ್ರ ತೂಗಾಡುತ್ತಿದ್ದರೆ ಅದು ಪಿಥಿಯಂ ಕೊಳೆ, ಶಿಲೀಂಧ್ರದಂಥ ಒಂದು ರೋಗಾಣು ತರುವ ಬೇರುರೋಗ. ತುದಿಗಳು ಮಾತ್ರ ಸುಟ್ಟ ಹಾಗೆ ಕಪ್ಪಾಗಿ, ಮೊಂಡಾಗಿ, ಪಕ್ಕದ ಕವಲುಬೇರುಗಳಿಲ್ಲದೆ ಬೋಳಾಗಿದ್ದರೆ ಅಮೋನಿಯಾದ ಏಟು. ಬೇರಿನ ಮೇಲೆ ಬೂದು ಲೋಳೆ ಹೊದಿಕೆಯಂತೆ ಕೂತಿದ್ದರೆ ನೀರಿನಲ್ಲಿ ಕೊಳೆಯುವ ಪದಾರ್ಥ ಜಾಸ್ತಿಯಾಗಿದೆ, ಬೇರಿಗೆ ಗಾಳಿ ಸಿಗುತ್ತಿಲ್ಲ. ಈ ಮೂರು ತೊಂದರೆಗೂ ಮದ್ದು ಬೇರೆ ಬೇರೆ. ಅದಕ್ಕೇ ಈ ಬೆರಳಿನ ಪರೀಕ್ಷೆ ಇಷ್ಟು ಮುಖ್ಯ.

ಪಿಥಿಯಂ ಬಂದ ಗಿಡ ಉಳಿಸುವುದು ಕಷ್ಟ. ಕಿತ್ತು ತೆಗೆಯಿರಿ, ಉಳಿದವುಗಳನ್ನು ಕಾಪಾಡಿ. ಟ್ರೈಕೋಡರ್ಮಾ, ಬ್ಯಾಸಿಲಸ್ ಸಬ್ಟಿಲಿಸ್, ಸ್ಯೂಡೋಮೋನಾಸ್ ಫ್ಲೋರೆಸೆನ್ಸ್ ಎಂಬ ರೋಗ ತಡೆಯುವ ಸೂಕ್ಷ್ಮಜೀವಿಗಳನ್ನು ರೋಗ ಬರುವ ಮೊದಲು ಹಾಕಿದರೆ ಉಪಯೋಗ. ಬೇರು ಪೂರ್ತಿ ಕೊಳೆತ ಮೇಲೆ ಹಾಕಿದರೆ ದುಡ್ಡು ದಂಡ.

ಮೂರನೆಯದು ನೀರಿನ ಶಾಖ. ಬೇರಿನ ಹತ್ತಿರ 18ರಿಂದ 24 ಡಿಗ್ರಿ ಇದ್ದರೆ ಲೆಟ್ಯೂಸ್ ಸುಖವಾಗಿರುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಬ್ಯಾಕ್ಟೀರಿಯಾಗಳ ಉಸಿರಾಟ ಜೋರಾಗುತ್ತದೆ. ಆಮ್ಲಜನಕ ಬರುವುದು ಕಡಿಮೆ, ಖರ್ಚು ಜಾಸ್ತಿ. ಮಾರ್ಚ್ ಕೊನೆಯಿಂದ ಮೇ ತನಕ ತಾರಸಿಯ ಮೇಲಿನ ಕಪ್ಪು ಟ್ಯಾಂಕು ಮಧ್ಯಾಹ್ನ ಎರಡಕ್ಕೆ ಎಷ್ಟು ಬಿಸಿಯಾಗುತ್ತದೆ ಅಂತ ಒಮ್ಮೆ ಅಳೆದು ನೋಡಿ. ಬಿಳಿ ಬಣ್ಣ ಹೊಡೆಯಿರಿ, ಒದ್ದೆ ಗೋಣಿಚೀಲ ಸುತ್ತಿ, ನೆರಳಿನ ಬಲೆ ಕಟ್ಟಿ. ಫ್ರೀಜರಿನಲ್ಲಿ ಇಟ್ಟ ನೀರಿನ ಬಾಟಲಿ ಮಧ್ಯಾಹ್ನ ತೇಲಿಬಿಟ್ಟರೂ ಸಣ್ಣ ಟ್ಯಾಂಕಿಗೆ ಸ್ವಲ್ಪ ತಂಪು ಸಿಗುತ್ತದೆ.

ಕರೆಂಟ್ ಹೋಗುವ ಊರಿನಲ್ಲಿ ಇನ್ನೊಂದು ಮಾತು. ರಾಸಾಯನಿಕ ದ್ರಾವಣದ ತೇಲುಹಲಗೆ ಗಿಡ ಕೆಲವು ಗಂಟೆ ಪಂಪ್ ಇಲ್ಲದೆ ತಡೆದುಕೊಳ್ಳುತ್ತದೆ. ಸಾವಯವ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಕುಡಿಯುತ್ತಿರುತ್ತವೆ, ಹಾಗಾಗಿ ಬಹಳ ಬೇಗ ಖಾಲಿಯಾಗುತ್ತದೆ. ಬ್ಯಾಟರಿಯ ಸಣ್ಣ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಬೆಳಿಗ್ಗೆ ಸರಿಯಾಗಿದ್ದ ಗಿಡ ಸಂಜೆಗೆ ನೀರಿದ್ದೂ ಬಾಡಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಮಧ್ಯಾಹ್ನ ಕರೆಂಟ್ ಇತ್ತಾ?

ಮೂರು ಕಿಟ್ ಹೇಳುವ ಕಥೆ

ಸಾವಯವ ದ್ರಾವಣ ಕಂದು ಬಣ್ಣದ್ದು. ಹಾಗೇ ಪರೀಕ್ಷೆ ಮಾಡಿದರೆ ಬಣ್ಣ ತಪ್ಪಾಗಿ ಕಾಣುತ್ತದೆ. ಒಂದು ಭಾಗ ಟ್ಯಾಂಕಿನ ನೀರಿಗೆ ಒಂಬತ್ತು ಭಾಗ ಆರ್‌ಒ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ನೈಟ್ರೇಟ್ ಕಿಟ್‌ನ ಬಾಟಲಿಯಲ್ಲಿ ಪುಡಿ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಅಲುಗಾಡಿಸದಿದ್ದರೆ ಕಡಿಮೆ ತೋರಿಸುತ್ತದೆ. ನೀರಿನಲ್ಲಿ ನೈಟ್ರೈಟ್ ಜಾಸ್ತಿ ಇದ್ದರೆ ನೈಟ್ರೇಟ್ ಕಿಟ್ ಅದನ್ನೂ ಸೇರಿಸಿ ತೋರಿಸಿಬಿಡುತ್ತದೆ. ಆದ್ದರಿಂದ ಮೂರನ್ನೂ ಒಟ್ಟಿಗೆ ಮಾಡಿ.

ಅಮೋನಿಯಾ ಜಾಸ್ತಿ, ಉಳಿದೆರಡೂ ಸೊನ್ನೆ ಅಂದ್ರೆ ನೈಟ್ರೇಟ್ ಮಾಡುವ ಬಳಗ ಇನ್ನೂ ಹುಟ್ಟಿಲ್ಲ, ಅಥವಾ ಸತ್ತಿದೆ. ಹೊಸ ಟ್ಯಾಂಕ್ ಆಗಿದ್ದರೆ ಮೂರರಿಂದ ಐದು ವಾರ ಬೇಕಾಗುತ್ತದೆ. ಹಳೆ ಟ್ಯಾಂಕ್ ಆಗಿದ್ದರೆ ಇತ್ತೀಚೆಗೆ ಏನು ಬದಲಾಯಿತು ನೋಡಿ. ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರವಾಗಿ ತುಂಬಿದಿರಾ? ಪಿಎಚ್ 6ಕ್ಕಿಂತ ಕೆಳಗೆ ಬಿತ್ತಾ? ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಿರಾ? ಗೊಬ್ಬರ ನಿಲ್ಲಿಸಿ, ಗಾಳಿ ಜಾಸ್ತಿ ಮಾಡಿ. ಚೆನ್ನಾಗಿ ಓಡುತ್ತಿರುವ ಇನ್ನೊಬ್ಬರ ಟ್ಯಾಂಕಿನಿಂದ ಬ್ಯಾಕ್ಟೀರಿಯಾ ಅಂಟಿರುವ ಒಂದು ಹಿಡಿ ಕ್ಲೇ ಬಾಲ್ (ಸುಟ್ಟ ಜೇಡಿಮಣ್ಣಿನ ಗುಂಡು) ತಂದು ಹಾಕುವುದು ಎಲ್ಲಕ್ಕಿಂತ ಬೇಗನೆ ಕೆಲಸ ಮಾಡುವ ಉಪಾಯ. ಅದು ಸಿಗದಿದ್ದರೆ ಪೂರ್ತಿ ಮಾಗಿದ ಕಾಂಪೋಸ್ಟನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಿ.

ಅಮೋನಿಯಾ ಇಳಿಯುತ್ತಿದೆ, ನೈಟ್ರೈಟ್ ಏರಿದೆ ಅಂದ್ರೆ ಅರ್ಧ ದಾರಿಗೆ ಬಂದಿದ್ದೀರಿ. ಈ ಹಂತದಲ್ಲಿ ಸಸಿ ಇಡಬೇಡಿ. ಇಟ್ಟಾಗಿದ್ದರೆ ಅರ್ಧ ನೀರು ಬದಲಿಸಿ ಕಾಯಿರಿ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯ ಹತ್ತಿರ, ನೈಟ್ರೇಟ್ ಲೀಟರಿಗೆ 100 ಮಿಲಿಗ್ರಾಂ ದಾಟಿದೆ, ಆದರೂ ಎಲೆ ಹಳದಿ. ಹಾಗಾದರೆ ಸಾರಜನಕದ ತಂಟೆ ಅಲ್ಲ. ಕಬ್ಬಿಣ, ಮೆಗ್ನೀಸಿಯಂ ಅಥವಾ ಬೇರಿನ ಕಡೆ ನೋಡಿ.

ಮೂರೂ ಸೊನ್ನೆ, ಆದರೆ ನೀರು ಗೋಧಿ ಗಂಜಿಯ ಹಾಗೆ ಮಬ್ಬು, ಪೈಪಿನ ತುಂಬ ಲೋಳೆ. ಇದು ಬೆಲ್ಲದ ಕೆಲಸ. ಮೀನಿನ ಅಮೈನೋ ಮಾಡುವಾಗ ಬೆಲ್ಲ ಹಾಕುತ್ತೇವೆ, ಅದು ಪೂರ್ತಿ ಹುಳಿತು ಮುಗಿಯುವ ಮೊದಲೇ ಟ್ಯಾಂಕಿಗೆ ಬಂದರೆ ಸಿಹಿ ತಿನ್ನುವ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚುತ್ತವೆ. ಅವುಗಳ ಮೈ ಕಟ್ಟಲು ಸಾರಜನಕ ಬೇಕಲ್ವಾ? ಗಿಡದ ಪಾಲನ್ನೇ ಅವು ತೆಗೆದುಕೊಳ್ಳುತ್ತವೆ. ತಳದಲ್ಲಿ ಗಾಳಿ ಇಲ್ಲದ ಜಾಗವಿದ್ದರೆ ಇನ್ನೊಂದು ಗುಂಪು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ ಸಾರಜನಕವನ್ನು ಅನಿಲ ಮಾಡಿ ಗಾಳಿಗೆ ಬಿಟ್ಟುಬಿಡುತ್ತದೆ. ಬೆಲ್ಲ ಹಾಕಿದ ಯಾವುದನ್ನೂ ನೇರವಾಗಿ ಟ್ಯಾಂಕಿಗೆ ಹಾಕದೇ ಇರುವುದೇ ಪರಿಹಾರ.

ಮೂರೂ ಸೊನ್ನೆ, ನೀರು ತಿಳಿ, ಬೇರು ಗಟ್ಟಿ, ಹಳೆ ಎಲೆ ಮೊದಲು ಹಳದಿಯಾಗುತ್ತಿದೆ. ಇದೊಂದೇ ನಿಜವಾದ ಹಸಿವು. ಈಗ ಗೊಬ್ಬರ ಕೊಡಿ.

ಎಷ್ಟು ಕೊಡಬೇಕು

ಒಂದು ಲೆಟ್ಯೂಸ್ ಗಿಡ 150 ಗ್ರಾಂ ತೂಗುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ 95 ಭಾಗ ನೀರು. ಒಣಗಿಸಿದರೆ ಉಳಿಯುವುದು ಏಳೂವರೆ ಗ್ರಾಂ. ಅದರಲ್ಲಿ ಸಾರಜನಕ ಶೇ. 4ರಿಂದ 5. ಅಂದ್ರೆ ಒಂದು ಗಿಡಕ್ಕೆ ಗ್ರಾಮಿನ ಮೂರನೇ ಒಂದು ಭಾಗ, 30 ಗಿಡಕ್ಕೆ ಹತ್ತು ಗ್ರಾಂ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಸುಮಾರು ಶೇ. 7. ಹತ್ತು ಗ್ರಾಂ ಸಾರಜನಕಕ್ಕೆ ಬೇಕಾದ ಹಿಂಡಿ ಸುಮಾರು 140 ಗ್ರಾಂ. ಎಲ್ಲವೂ ಕರಗಿ ಬರುವುದಿಲ್ಲ, ಆದ್ದರಿಂದ 200 ಗ್ರಾಂ ಅನ್ನಿ. ಅದೂ ಒಂದೇ ದಿನಕ್ಕಲ್ಲ, ಸಸಿ ಇಟ್ಟಾಗಿನಿಂದ ಕೊಯ್ಲಿನವರೆಗಿನ ಇಡೀ ಬೆಳೆಗೆ. ದಿನಕ್ಕೆ ಲೆಕ್ಕ ಹಾಕಿದರೆ ಐದಾರು ಗ್ರಾಂ, ಒಂದು ಚಮಚದಷ್ಟು. ಮೊದಲ ವಾರ ಅದರಲ್ಲೂ ಅರ್ಧ.

ಈಗ ಯಾರೋ ಅರ್ಧ ಕೆಜಿ ಹಿಂಡಿಯನ್ನು ಒಂದೇ ಸಲ ನೆನೆಹಾಕಿ ಸುರಿದರು ಅನ್ನೋಣ. ಅದರಲ್ಲಿ 35 ಗ್ರಾಂ ಸಾರಜನಕ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ಅಂದ್ರೆ ಸುಮಾರು 160 ಗ್ರಾಂ. 25 ಡಿಗ್ರಿಯಲ್ಲಿ 100 ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಒಟ್ಟು ಆಮ್ಲಜನಕ ಒಂದು ಗ್ರಾಮೂ ಇಲ್ಲ. ನೀರಿನ ಆಮ್ಲಜನಕ ಸುಮಾರು 200 ಸಲ ಖಾಲಿಯಾಗಿ ಮತ್ತೆ ತುಂಬಬೇಕು. ಹಿಂಡಿಯ ಉಳಿದ ಭಾಗ ಕೊಳೆಯಲು ಬೇಕಾದ್ದು ಇದರ ಮೇಲೆ. ಸಣ್ಣ ಏರ್ ಪಂಪಿನಿಂದ ಇದಾಗುವ ಮಾತಲ್ಲ. ಟ್ಯಾಂಕ್ ನಾರದೇ ಇನ್ನೇನಾದೀತು?

ನನ್ನ ಮಟ್ಟಿಗೆ ಹೇಳುವುದಾದರೆ ಕೊಳೆಯುವ ಕೆಲಸವನ್ನು ಟ್ಯಾಂಕಿನ ಹೊರಗೆ ಮುಗಿಸುವುದೇ ಸರಿಯಾದ ದಾರಿ. ಬೇರೆ ಬಕೆಟಿನಲ್ಲಿ ಹಿಂಡಿಯನ್ನು ನೆನೆಹಾಕಿ, ಏರ್ ಸ್ಟೋನ್ ಬಿಟ್ಟು ವಾರದಿಂದ ಹತ್ತು ದಿನ ಇಡಿ. ನೊರೆ ಇಳಿದು ವಾಸನೆ ಕಡಿಮೆಯಾದ ಮೇಲೆ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಆ ತಿಳಿಯನ್ನು ದಿನಾ ಸ್ವಲ್ಪ ಹಾಕಿ. ಜೊತೆಗೆ 20 ಲೀಟರ್ ಬಕೆಟಿನ ತಳಕ್ಕೆ ತೂತು ಕೊರೆದು, ಕ್ಲೇ ಬಾಲ್ ತುಂಬಿ, ಟ್ಯಾಂಕಿನ ಮೇಲೆ ಕೂರಿಸಿ. ಪಂಪಿನ ನೀರು ಅದರ ಮೇಲಿಂದ ಸುರಿದು ಟ್ಯಾಂಕಿಗೆ ಇಳಿಯಲಿ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಕೂರಲು ಜಾಗ ಬೇಕು, ಗಾಳಿ ಬೇಕು. ಈ ಬಕೆಟ್ ಎರಡನ್ನೂ ಕೊಡುತ್ತದೆ. ಮೇಲೆ ಸೊಳ್ಳೆಪರದೆ ಕಟ್ಟುವುದನ್ನು ಮರೆಯಬೇಡಿ, ಟ್ಯಾಂಕಿಗೂ ಅಷ್ಟೇ. ಡೆಂಗಿ ಕಾಲದಲ್ಲಿ ತೆರೆದ ನೀರು ಇಡುವುದು ಅಕ್ಕಪಕ್ಕದವರಿಗೂ ಅಪಾಯ.

ಪಿಎಚ್ ನಿಲ್ಲುತ್ತಿಲ್ಲ

ಲೆಟ್ಯೂಸಿಗೆ 5.5ರಿಂದ 6.5 ಇಷ್ಟ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ 7ರಿಂದ 8 ಇಷ್ಟ. ಇಬ್ಬರನ್ನೂ ಒಂದೇ ಮನೆಯಲ್ಲಿ ಇಡಬೇಕಾದ್ದರಿಂದ 6.3ರಿಂದ 6.8ರ ನಡುವೆ ಇಟ್ಟುಕೊಳ್ಳಿ. ಪುಸ್ತಕದ 5.8ಕ್ಕೆ ತಂದು ನಿಲ್ಲಿಸಲು ಹೋದರೆ ಬ್ಯಾಕ್ಟೀರಿಯಾ ಕೆಲಸ ನಿಧಾನವಾಗುತ್ತದೆ.

ಇಲ್ಲಿ ಒಂದು ದಿನದ ಅಂಕಿಗಿಂತ ಅದು ಯಾವ ಕಡೆ ಹೋಗುತ್ತಿದೆ ಎನ್ನುವುದು ಜಾಸ್ತಿ ಹೇಳುತ್ತದೆ. ಪ್ರೋಟೀನ್ ಒಡೆದು ಅಮೋನಿಯಾ ಆಗುವಾಗ ಪಿಎಚ್ ಏರುತ್ತದೆ. ಅಮೋನಿಯಾ ನೈಟ್ರೇಟ್ ಆಗುವಾಗ ಇಳಿಯುತ್ತದೆ. ಗಿಡ ನೈಟ್ರೇಟ್ ಹೀರುವಾಗ ಮತ್ತೆ ಸ್ವಲ್ಪ ಏರುತ್ತದೆ. ಹೊಸ ಟ್ಯಾಂಕಿನಲ್ಲಿ ಮೊದಲು ಏರಿ, ಆಮೇಲೆ ತಾನಾಗಿ ಇಳಿಯಲು ಶುರುವಾದರೆ ಸಂತೋಷದ ಸುದ್ದಿ, ಹೆಪ್ಪು ಕೂತಿದೆ. ಪಿಎಚ್ 8ರ ಹತ್ತಿರ ಹೋಗಿ ಅಲ್ಲೇ ನಿಂತರೆ ಅಮೋನಿಯಾ ಇನ್ನೂ ವಿಷವಾಗುತ್ತದೆ, ನೀರು ಬದಲಿಸಿ.

ಪಿಎಚ್ ಇಳಿಸಲು ನಿಂಬೆರಸ, ವಿನೆಗರ್ ಹಾಕುವವರು ಬಹಳ. ಬೆಳಿಗ್ಗೆ 6.2ಕ್ಕೆ ಇಳಿದದ್ದು ನಾಳಿದ್ದಿಗೆ ಮತ್ತೆ 7.5. ಆ ಹುಳಿಯನ್ನು ಬ್ಯಾಕ್ಟೀರಿಯಾಗಳು ತಿಂದುಬಿಟ್ಟಿರುತ್ತವೆ. ದಿನಾ ಹಾಕಿದರೆ ಅವುಗಳಿಗೆ ದಿನಾ ಊಟ, ಲೋಳೆ ಹೆಚ್ಚುತ್ತದೆ. ಮೊಟ್ಟೆಚಿಪ್ಪನ್ನು ವಿನೆಗರಿನಲ್ಲಿ ಕರಗಿಸಿ ಕ್ಯಾಲ್ಸಿಯಂ ಕೊಡುವ ಪದ್ಧತಿಗೂ ಇದೇ ತೊಂದರೆ ಇದೆ. ಮಣ್ಣಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಸುತ್ತುವ ನೀರಿನಲ್ಲಿ ಅಲ್ಲ. ಬೋರ್‌ವೆಲ್ ನೀರಿನ ಗಡಸುತನವೇ ಪಿಎಚ್ ಏರಿಸುತ್ತಿದ್ದರೆ ಆ ನೀರಿಗೆ ಅರ್ಧ ಮಳೆ ನೀರೋ ಆರ್‌ಒ ನೀರೋ ಬೆರೆಸಿ. ಕಾವೇರಿ ನಲ್ಲಿ ನೀರಾದರೆ ಒಂದು ದಿನ ತೆರೆದ ಪಾತ್ರೆಯಲ್ಲಿ ಗಾಳಿಯಾಡಿಸಿ, ಕ್ಲೋರಿನ್ ಹೋಗಲಿ.

ಮಳೆ ನೀರಿನ ಟ್ಯಾಂಕಿನಲ್ಲಿ ಉಲ್ಟಾ ಸಮಸ್ಯೆ. ತಡೆಯಲು ಸುಣ್ಣದ ಅಂಶವಿಲ್ಲದೆ ಪಿಎಚ್ 5ಕ್ಕೆ ಜಾರುತ್ತದೆ, ನೈಟ್ರೇಟ್ ಕೆಲಸ ನಿಲ್ಲುತ್ತದೆ. ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ಚೂರನ್ನು ಬಲೆಚೀಲದಲ್ಲಿ ಕಟ್ಟಿ ಇಳಿಬಿಡಿ. ನೀರು ಹುಳಿಯಾದಷ್ಟು ಮಾತ್ರ ಅದು ಕರಗುತ್ತದೆ, ಕ್ಯಾಲ್ಸಿಯಮ್ಮೂ ಬರುತ್ತದೆ.

ಎಲೆಯ ಸರದಿ ಈಗ

ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣ. ನೀರಿನಲ್ಲಿ ಕಬ್ಬಿಣ ಇದ್ದರೂ ಪಿಎಚ್ 7ರ ಮೇಲೆ ಅದು ಬೇರಿಗೆ ಸಿಗುವುದಿಲ್ಲ. ಮೊಳೆ ನೆನೆಸಿದ ನೀರು ಹಾಕಿ ಉಪಯೋಗವಿಲ್ಲ. ಮೊದಲು ಪಿಎಚ್ ಸರಿಮಾಡಿ. ಸಾವಯವ ಪ್ರಮಾಣಪತ್ರದ ಕಟ್ಟುಪಾಡು ಇಲ್ಲದವರು 100 ಲೀಟರಿಗೆ 2 ಗ್ರಾಂ ಡಿಟಿಪಿಎ ಕಬ್ಬಿಣ (ನೀರಿನಲ್ಲಿ ಕರಗಿಯೇ ಉಳಿಯುವ ಹಾಗೆ ಮಾಡಿದ ಕಬ್ಬಿಣದ ಪುಡಿ) ಹಾಕಬಹುದು. ಶೇ. 11 ಕಬ್ಬಿಣ ಇರುವ ಪುಡಿಯಾದರೆ ಲೀಟರಿಗೆ 2 ಮಿಲಿಗ್ರಾಮಿನಷ್ಟಾಗುತ್ತದೆ. ಮನೆಗೆ ಬೆಳೆಯುವವರು ಇದಕ್ಕೆ ಹಿಂಜರಿಯಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಹಳೆ ಎಲೆಯಲ್ಲಿ ಅದೇ ತರಹದ ಹಳದಿ ಬಂದರೆ ಮೆಗ್ನೀಸಿಯಂ. 100 ಲೀಟರಿಗೆ 30 ಗ್ರಾಂ ಎಪ್ಸಂ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಸಾಕು.

ಒಳಗಿನ ಎಳೆ ಎಲೆಗಳ ಅಂಚು ಕಂದಾಗಿ ಸುಟ್ಟ ಹಾಗಾದರೆ ಕ್ಯಾಲ್ಸಿಯಂ ಅಲ್ಲಿಗೆ ತಲುಪುತ್ತಿಲ್ಲ. ಹೆಚ್ಚಿನ ಸಲ ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಗಡಸು ನೀರಿನಲ್ಲಂತೂ ಧಾರಾಳ. ಅದು ಗಿಡದೊಳಗೆ ನೀರಿನ ಜೊತೆ ಸಾಗುತ್ತದೆ. ಒಳಗಿನ ಎಲೆ ಬಿಸಿಲು ಗಾಳಿ ಕಾಣದೆ ಮುಚ್ಚಿಕೊಂಡಿರುವುದರಿಂದ ಅಲ್ಲಿಂದ ನೀರು ಆವಿಯಾಗುವುದು ಕಡಿಮೆ, ಕ್ಯಾಲ್ಸಿಯಮ್ಮೂ ಬರುವುದಿಲ್ಲ. ಮೇಲಿನಿಂದ ಬೀಸುವ ಸಣ್ಣ ಫ್ಯಾನ್ ಇಟ್ಟರೆ ಹಲವು ಸಲ ಅಷ್ಟಕ್ಕೇ ನಿಲ್ಲುತ್ತದೆ. ಇನ್ನೊಂದು ಕಾರಣ ಸಾವಯವ ಟ್ಯಾಂಕಿಗೇ ವಿಶೇಷ. ನೀರಿನಲ್ಲಿ ಅಮೋನಿಯಂ ಜಾಸ್ತಿ ಇದ್ದರೆ ಬೇರು ಕ್ಯಾಲ್ಸಿಯಂ ಹೀರುವುದನ್ನು ಅದು ತಡೆಯುತ್ತದೆ. ಆದ್ದರಿಂದ ಅಂಚು ಸುಟ್ಟಾಗಲೂ ಅಮೋನಿಯಾ ಕಿಟ್ ತೆಗೆಯಿರಿ. ಮಳೆ ನೀರು ಬಳಸುವವರಿಗೆ ನಿಜವಾಗಿಯೂ ಕ್ಯಾಲ್ಸಿಯಂ ಕೊರತೆ ಇರಬಹುದು. 100 ಲೀಟರಿಗೆ 40 ಗ್ರಾಂ ಜಿಪ್ಸಂ ಬೇರೆ ನೀರಿನಲ್ಲಿ ಚೆನ್ನಾಗಿ ಕದಡಿ ಹಾಕಿ. ಆದರೆ ತಳದಲ್ಲಿ ಮಡ್ಡಿ ಇರುವ ಟ್ಯಾಂಕಿಗೆ ಜಿಪ್ಸಂ ಬೇಡ, ಅದರ ಸಲ್ಫೇಟಿನಿಂದಲೇ ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ.

ಗಿಡ ಉದ್ದಕ್ಕೆ ಎದ್ದು ಎಲೆ ಕಹಿಯಾದರೆ ಅದು ಹೂ ಬಿಡಲು ಹೊರಟಿದೆ. ಹೆಚ್ಚಿನ ಸಲ ಸೆಕೆಯೇ ಕಾರಣ.

ನೆಟ್ ಪಾಟಿನ ಮೇಲೆ ಹಸಿರು ಪಾಚಿ, ಸಣ್ಣ ಕಪ್ಪು ನೊಣ ಕಂಡರೆ ಬೆಳಕು ತಡೆಯಿರಿ, ಕೊಕೊಪೀಟಿನ ಮೇಲ್ಭಾಗ ಒಣಗಲು ಬಿಡಿ. ಆ ನೊಣದ ಮರಿ ಬೇರು ತಿನ್ನುತ್ತದೆ, ಹಳದಿ ಅಂಟುಪಟ್ಟಿ ನೇತುಹಾಕಿ.

ಹಸಿ ಸಗಣಿ ಬೇಡ

ಜೀವಾಮೃತದ ಬಗ್ಗೆ ನಮ್ಮಲ್ಲಿ ಬಹಳ ಗೌರವ ಇದೆ, ಹೊಲದಲ್ಲಿ ಅದರ ಕೆಲಸವನ್ನು ನಾನೂ ಒಪ್ಪುತ್ತೇನೆ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆಹಿಟ್ಟು, ಒಂದು ಹಿಡಿ ಮಣ್ಣು. ಇದನ್ನು ಲೆಟ್ಯೂಸ್ ಟ್ಯಾಂಕಿಗೆ ಹಾಕಬೇಡಿ. ಬೆಲ್ಲ ಮತ್ತು ಹಿಟ್ಟಿನ ತೊಂದರೆ ಆಗಲೇ ಹೇಳಿದೆ. ಅದಕ್ಕಿಂತ ದೊಡ್ಡದು ಊಟದ ವಿಷಯ. ಲೆಟ್ಯೂಸನ್ನು ನಾವು ಬೇಯಿಸುವುದಿಲ್ಲ. ಹಸಿ ಸಗಣಿಯಲ್ಲಿ ಇ. ಕೋಲೈ, ಸಾಲ್ಮೊನೆಲ್ಲಾ ಇರಬಹುದು. ಅಮೆರಿಕದ ಸಾವಯವ ನಿಯಮದಲ್ಲಿ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ 120 ದಿನ ಮೊದಲೇ ಹಾಕಿ ಮುಗಿಸಿರಬೇಕು. ಲೆಟ್ಯೂಸಿನ ಆಯುಷ್ಯವೇ 45ರಿಂದ 60 ದಿನ. ಮನೆಯಲ್ಲಿ ಸಣ್ಣ ಮಕ್ಕಳು, ವಯಸ್ಸಾದವರು ಇದ್ದರಂತೂ ಯೋಚಿಸುವುದೇ ಬೇಡ. ಹಿಂಡಿ, ಚೆನ್ನಾಗಿ ಮಾಗಿದ ಎರೆಗೊಬ್ಬರದ ಸಾರ, ಸೋಸಿದ ಮೀನಿನ ಅಮೈನೋ ಇವು ಸಾಕು. ಅವುಗಳನ್ನೂ ಎಲೆಯ ಮೇಲೆ ಸಿಂಪಡಿಸಬೇಡಿ, ಕೊಯ್ದ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಕೊಯ್ಲಾದ ಮೇಲೆ ತೊಳೆಯುವಾಗ

ಒಂದು ಬೆಳೆ ಮುಗಿದ ಕೂಡಲೇ ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲವನ್ನೂ ಫಳಫಳ ಮಾಡುವ ಅಭ್ಯಾಸ ರಾಸಾಯನಿಕ ಪದ್ಧತಿಯಿಂದ ಬಂದದ್ದು. ಇಲ್ಲಿ ಹಾಗೆ ಮಾಡಿದರೆ ತಿಂಗಳು ಕಾದು ಬೆಳೆಸಿದ ಬ್ಯಾಕ್ಟೀರಿಯಾ ಬಳಗ ಒಂದೇ ದಿನದಲ್ಲಿ ಹೋಗುತ್ತದೆ, ಮುಂದಿನ ಬೆಳೆ ಮತ್ತೆ ಅಮೋನಿಯಾದಿಂದ ಶುರು. ಪೈಪು, ನೆಟ್ ಪಾಟು, ಪಂಪಿನ ಬಲೆ ಉಜ್ಜಿ ತೊಳೆಯಿರಿ. ತಳದ ಮಡ್ಡಿ ತೆಗೆಯಿರಿ. ಕ್ಲೇ ಬಾಲ್ ಬಕೆಟನ್ನು ಮಾತ್ರ ಮುಟ್ಟಬೇಡಿ. ತೀರಾ ಕಟ್ಟಿಕೊಂಡಿದ್ದರೆ ಟ್ಯಾಂಕಿನ ಹಳೆ ನೀರಿನಲ್ಲೇ ಒಮ್ಮೆ ಅದ್ದಿ ಅಲುಗಾಡಿಸಿ, ನಲ್ಲಿ ನೀರು ಬೇಡ. ಹಳೆ ನೀರಿನ ಮೂರನೇ ಒಂದು ಭಾಗ ಉಳಿಸಿಕೊಂಡು ಹೊಸ ನೀರು ತುಂಬಿ. ಗಿಡ ಇಲ್ಲದ ದಿನಗಳಲ್ಲೂ ಪಂಪ್ ಓಡುತ್ತಿರಲಿ, ಎರಡು ದಿನಕ್ಕೊಮ್ಮೆ ಒಂದು ಚಮಚ ಹಿಂಡಿಯ ತಿಳಿ ಬೀಳುತ್ತಿರಲಿ. ಪಿಥಿಯಂ ಬಂದು ಹೋಗಿದ್ದರೆ ಮಾತ್ರ ಬಕೆಟ್ ಸೇರಿ ಎಲ್ಲವನ್ನೂ ಬ್ಲೀಚ್ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಮೊದಲಿನಿಂದ ಹೆಪ್ಪು ಕೂರಿಸಿ.